ಪಿತ್ತಕೋಶದ ಕೀವು ಒಳದಾರಿಯಲ್ಲೇ ಇಳಿಯಿತು: ಕೈ ಹಚ್ಚಿದ ಎಲ್ಲರಿಗೂ ಶರಣು

ಆಪರೇಷನ್ ತಾಳಲಾರದ ಹಿರಿಯರ ಪಿತ್ತಕೋಶದ ಕೀವನ್ನು ಎಂಡೊಸ್ಕೋಪಿಯಿಂದ (ಬಾಯಿಯ ಮೂಲಕ ಇಳಿಸುವ ಕ್ಯಾಮೆರಾ ನಳಿಕೆಯಿಂದ) ಒಳಗಿಂದೊಳಗೇ ಇಳಿಸುವ ಕೆಲಸ ಬೆಳಗಾವಿಯ ನಮ್ಮ ವಿಭಾಗದಲ್ಲಿ ಶುರುವಾಗಿ ಒಂದು ವರ್ಷ ತುಂಬಿತು.

ಮೊದಲ ಶರಣು ಗೋಕಾಕ, ಅಥಣಿ, ಸವದತ್ತಿ, ರಾಮದುರ್ಗ ಕಡೆಯ ಡಾಕ್ಟರಿಗೆ. "ಬಲಕ್ಕ ಪಕ್ಕಡಿ ಬುಡಕ ಹಿಡದೈತ್ರಿ" ಅಂದ ಅಜ್ಜಿಗೆ ಗ್ಯಾಸಿನ ಗುಳಿಗೆ ಕೊಟ್ಟು ಕಳಿಸದೆ, ಅಲ್ಲೇ ಒತ್ತಿ ಹಿಡಿದು ಉಸಿರು ಎಳೆಯಲು ಹೇಳಿದಿರಿ. ಉಸಿರು ಅರ್ಧಕ್ಕೇ ತಡೆದದ್ದು ಕಂಡು ಸ್ಕ್ಯಾನ್ ಮಾಡಿಸಿದಿರಿ. ಪಿತ್ತಕೋಶದ ಗೋಡೆಯ ದಪ್ಪ 4 ಮಿ.ಮೀ. ದಾಟಿದೆ, ಅದರ ಕುತ್ತಿಗೆಯಲ್ಲಿ ಕಲ್ಲು ಸಿಕ್ಕಿದೆ ಎಂದು ಬರೆದು, ಆಂಟಿಬಯಾಟಿಕ್‌ನ ಮೊದಲ ಡೋಸ್ ಹಾಕಿಯೇ ಆಂಬುಲೆನ್ಸ್ ಹತ್ತಿಸಿದಿರಿ.

ಅರಿವಳಿಕೆ ತಜ್ಞರಿಗೂ ಸರ್ಜನ್ನರಿಗೂ ಋಣಿ. ತಾಳಬಲ್ಲವರಿಗೆ ಪಿತ್ತಕೋಶ ತೆಗೆಯುವುದೇ ಸರಿಯಾದ ಚಿಕಿತ್ಸೆ. ಯಾರು ತಾಳರು ಎಂಬುದನ್ನು ನೀವು ನೇರವಾಗಿ ಹೇಳಿದಿರಿ. ಮುಂದೆ ಆಪರೇಷನ್ ಆಗಬಹುದಾದವರಿಗೆ, ರಕ್ತ ತೆಳುವಾಗಿಸುವ ಗುಳಿಗೆ ನಿಲ್ಲಿಸಲಾಗದವರಿಗೆ ಇಆರ್‌ಸಿಪಿ (ಎಂಡೊಸ್ಕೋಪಿಯಿಂದ ಪಿತ್ತನಾಳದೊಳಗೆ ಹೋಗುವ ವಿಧಾನ) ದಾರಿ ಹಿಡಿದೆವು: ಪಿತ್ತನಾಳದಿಂದ ಸಿಸ್ಟಿಕ್ ನಾಳಕ್ಕೆ, ಅಂದರೆ ಪಿತ್ತಕೋಶಕ್ಕೆ ಹೋಗುವ ಕವಲು ನಾಳಕ್ಕೆ, ತಂತಿ; ಅದರ ಮೇಲೆ 7 ಫ್ರೆಂಚ್ (ಸುಮಾರು 2.3 ಮಿ.ಮೀ. ದಪ್ಪದ) ಪ್ಲಾಸ್ಟಿಕ್ ಸ್ಟೆಂಟ್, ಕೀವು ಇಳಿಸುವ ಸಣ್ಣ ಕೊಳವೆ. ನಾಳದ ಸುರುಳಿಯಲ್ಲಿ ತಂತಿ ಸಿಕ್ಕರೆ ಈ ದಾರಿ ಮುಚ್ಚಿದಂತೆ.

ಉಳಿದವರಿಗೆ ಎಂಡೊಸ್ಕೋಪಿಕ್ ಅಲ್ಟ್ರಾಸೌಂಡ್: ಎಂಡೊಸ್ಕೋಪಿನ ತುದಿಯ ಸ್ಕ್ಯಾನಿನಲ್ಲಿ ನೋಡುತ್ತಾ, ಗೋಡೆಗಳನ್ನು ದಾಟಿಸಿ ನೇರವಾಗಿ ಪಿತ್ತಕೋಶಕ್ಕೆ ಸ್ಟೆಂಟ್ ಹಾಕುವುದು. ಇಲ್ಲಿ ಟೆಕ್ನಿಷಿಯನ್ನರ ಕೈಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆ. ಡುವೊಡಿನಮ್ (ಸಣ್ಣಕರುಳಿನ ಮೊದಲ ಭಾಗ) ಅಥವಾ ಜಠರದ ಕೆಳತುದಿಯಿಂದ ಪಿತ್ತಕೋಶ 10 ಮಿ.ಮೀ. ಒಳಗೆ ಇರಬೇಕು, ನಡುವೆ ರಕ್ತನಾಳ ಇರಬಾರದು. ಬಿಸಿ ತುದಿಯ ಲೋಹದ ಸ್ಟೆಂಟ್ ಒಳಹೊಕ್ಕ ಮೇಲೆ ಮೊದಲ ಅಂಚು ಪಿತ್ತಕೋಶದಲ್ಲಿ ಅರಳುತ್ತದೆ. ಮೆಲ್ಲಗೆ ಹಿಂದಕ್ಕೆ ಎಳೆದು ಎರಡೂ ಗೋಡೆ ಅಂಟಿದ್ದು ಪರದೆಯಲ್ಲಿ ಕಂಡ ನಂತರವೇ ಎರಡನೆಯ ಅಂಚು ಬಿಡಬೇಕು. ಅವಸರ ಮಾಡಿದರೆ ಅದು ನಡುವೆ, ಹೊಟ್ಟೆಯ ಪೊಳ್ಳಿನಲ್ಲಿ ಅರಳಿ ಪಿತ್ತ ಸೋರುತ್ತದೆ. ಅದಕ್ಕೇ ತಂತಿ ಒಳಗೇ ಇರಲಿ ಎಂದು ನೀವು ಹಟ ಹಿಡಿದದ್ದು ಸರಿ. ಎಡವಟ್ಟಾದರೆ ಇನ್ನೊಂದು ಸ್ಟೆಂಟ್ ಹಾಕಲು ಅದೊಂದೇ ಆಸರೆ. ಲೋಹದ ಸ್ಟೆಂಟಿನೊಳಗೆ ಎರಡು ತುದಿ ಸುರುಳಿಯ ಪ್ಲಾಸ್ಟಿಕ್ ಸ್ಟೆಂಟ್ ಕೂಡಿಸುವುದನ್ನೂ ನೀವು ಮರೆಯಗೊಡಲಿಲ್ಲ. ಅನ್ನದ ಅಗುಳು, ಕಲ್ಲು ಸೇರಿ ಸ್ಟೆಂಟಿನ ಬಾಯಿ ಕಟ್ಟುವುದು ಅದರಿಂದ ತಪ್ಪಲಿ ಎಂಬುದು ಉದ್ದೇಶ.

ರೇಡಿಯಾಲಜಿಯವರೇ, ಹೊಟ್ಟೆಯಲ್ಲಿ ನೀರು ತುಂಬಿದವರಿಗೆ, ರಕ್ತ ಹೆಪ್ಪುಗಟ್ಟದವರಿಗೆ ನಾವು ಹಿಂಜರಿದಾಗ ಏನು ಸಾಧ್ಯವೆಂದು ನಮ್ಮ ಜೊತೆ ಕೂತು ಯೋಚಿಸಿದಿರಿ. 2020ರಲ್ಲಿ ಪ್ರಕಟವಾದ, 80 ರೋಗಿಗಳ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ವರ್ಷದೊಳಗಿನ ತೊಡಕು ಎಂಡೊಸ್ಕೋಪಿಕ್ ಅಲ್ಟ್ರಾಸೌಂಡಿನ ಒಳದಾರಿಗೆ ಶೇ. 25.6, ಚರ್ಮದ ಮೂಲಕ ಹಾಕಿದ ನಳಿಕೆಗೆ ಶೇ. 77.5 ಇತ್ತು. ಬದಿಗೆ ಚೀಲ ಕಟ್ಟಿಕೊಂಡು ಓಡಾಡುವ, ನಳಿಕೆ ಜಾರಿಬಿಡುವ ಕಷ್ಟ ನೋಡಿದವರಿಗೆ ಈ ಅಂಕಿ ಅಚ್ಚರಿಯೆನಿಸದು.

ಸಿಸ್ಟರ್‌ಗಳೇ, ರಾತ್ರಿ ಹೊಟ್ಟೆ ಮುಟ್ಟಿ ಬಿಗಿಯಾಗಿದೆಯೇ, ನಾಡಿ ಏರಿದೆಯೇ, ಜ್ವರ ಬಂತೇ ಎಂದು ಬರೆದಿಟ್ಟ ನಿಮ್ಮ ಹಾಳೆಯೇ ನಮ್ಮ ಧೈರ್ಯ.

ಮನೆಯವರಿಗೂ ಕೈ ಮುಗಿದೆವು. ಗುಳಿಗೆಯ ಖಾಲಿ ಪಟ್ಟಿಗಳನ್ನು ಕರವಸ್ತ್ರದ ಗಂಟಿನಲ್ಲಿ ಕಟ್ಟಿ ತಂದಿರಿ. ಅದರಲ್ಲೇ ರಕ್ತ ತೆಳುವಾಗಿಸುವ ಗುಳಿಗೆ ಕ್ಲೊಪಿಡೊಗ್ರೆಲ್ ಸಿಕ್ಕಿತು. ಡಿಸ್ಚಾರ್ಜ್ ಚೀಟಿಯನ್ನೂ ಹಾಗೇ ಜೋಪಾನ ಮಾಡಿರಿ. ಸ್ಟೆಂಟ್ ಯಾವುದು, ಯಾವ ದಿನ ಹಾಕಿದ್ದು, ಮತ್ತೆ ಯಾವಾಗ ನೋಡಬೇಕು ಎಂಬುದೆಲ್ಲ ಅದರಲ್ಲಿದೆ. ಎಂಆರ್‌ಐ ಮಾಡಿಸುವಾಗ, ಬೇರೆ ಊರಿನ ಡಾಕ್ಟರ ಹತ್ತಿರ ಹೋದಾಗ ಮೊದಲು ಅದನ್ನೇ ತೋರಿಸಿರಿ.