ಜಿಡಿಎ ಹುಡುಗ-ಹುಡುಗಿಯರ ಕೈಕೆಲಸ ನೋಡಿ ಕೆಲಸ ಕೊಡಿ

ಮಾನ್ಯ ಸಂಪಾದಕರೇ,

ವಿಜಯಪುರದಲ್ಲಿ ಹತ್ತನೇ ತರಗತಿ ಮುಗಿಸಿ, ಕೆಲವು ತಿಂಗಳ ತರಬೇತಿ ಪಡೆದು, ವಾರ್ಡಿನಲ್ಲಿ ನರ್ಸ್‌ಗಳ ಕೈಕೆಳಗೆ ರೋಗಿಗಳ ಆರೈಕೆ ಮಾಡುವ ಜನರಲ್ ಡ್ಯೂಟಿ ಅಸಿಸ್ಟೆಂಟ್ ಅಂದರೆ ಜಿಡಿಎ ಪ್ರಮಾಣಪತ್ರ ಹಿಡಿದವರು ದವಾಖಾನೆಯಿಂದ ದವಾಖಾನೆಗೆ ಅಲೆಯುತ್ತಿದ್ದಾರೆ. ಹೋದಲ್ಲೆಲ್ಲ ಕೇಳುವುದು ಒಂದೇ ಮಾತು: 'ಅನುಭವ ಐತೇನು?' ಅದೇ ದವಾಖಾನೆಗಳ ವಾರ್ಡಿನಲ್ಲಿ ರೋಗಿಯ ಮಗ್ಗಲು ಬದಲಿಸಲು ಸಂಬಂಧಿಕರನ್ನೇ ಕರೆಯುತ್ತಾರೆ. ಕೆಲಸ ಇದೆ, ಮಾಡಬಲ್ಲವರೂ ಇದ್ದಾರೆ. ಇವರಿಗೆ ಏನು ಬರುತ್ತದೆ ಎಂದು ಪರೀಕ್ಷಿಸಿ ನೋಡುವ ರೂಢಿ ಮಾತ್ರ ನಮ್ಮಲ್ಲಿಲ್ಲ.

ಅದಕ್ಕೆ ಹದಿನೈದು ನಿಮಿಷ ಸಾಕು. ಕ್ಯಾಥೆಟರ್ (ಮೂತ್ರ ಹೊರಹೋಗುವ ನಳಿಕೆ) ಹಾಕಿದ, ತಾನಾಗಿ ಹೊರಳಲಾಗದ ರೋಗಿಯನ್ನು ಒಂದು ಮಗ್ಗಲಿಗೆ ತಿರುಗಿಸಲು ಹೇಳಿ, ಮೇಟ್ರನ್ ಅಂದರೆ ಹಿರಿಯ ನರ್ಸ್ ಪಕ್ಕದಲ್ಲಿ ನಿಂತು ನೋಡಲಿ. ಕಲಿತವರು ಮೊದಲು ಕೈ ತೊಳೆಯುತ್ತಾರೆ, ರೋಗಿಗೆ ಏನು ಮಾಡುತ್ತೇವೆಂದು ಹೇಳುತ್ತಾರೆ, ಮಂಚದ ಗಾಲಿಗೆ ಲಾಕ್ ಹಾಕುತ್ತಾರೆ. ರೋಗಿ ಹೊರಳುವ ಕಡೆಗೆ ತಾವು ನಿಂತು, ಆಚೆಗಿನ ಕೈಯನ್ನು ಎದೆಯ ಮೇಲೆ, ಆಚೆಗಿನ ಕಾಲನ್ನು ಈಚೆಯ ಕಾಲಿನ ಮೇಲೆ ಇಟ್ಟು, ಭುಜ ಮತ್ತು ಸೊಂಟ ಹಿಡಿದು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಬೆನ್ನಿಗೊಂದು, ಮೊಣಕಾಲುಗಳ ನಡುವೆ ಒಂದು ದಿಂಬು ಕೊಡುತ್ತಾರೆ. ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡುತ್ತಾರೆ. ಸೊಂಟದ ಕೆಳಗೆ ಕೆಂಪಾಗಿದ್ದರೆ ಬೆರಳಿನಿಂದ ಒತ್ತಿ, ಕೆಂಪು ಮಾಯವಾಗದಿದ್ದರೆ ತಕ್ಷಣ ಸಿಸ್ಟರ್‌ಗೆ ತಿಳಿಸುತ್ತಾರೆ. ಹಾಸಿಗೆ ಹುಣ್ಣು ಶುರುವಾಗುವುದು ಅಲ್ಲಿಂದಲೇ. ಕೊನೆಗೆ ಚಾರ್ಟಿನಲ್ಲಿ ಸಮಯ ಬರೆಯುತ್ತಾರೆ. ಸಾಮಾನ್ಯವಾಗಿ 2 ತಾಸಿಗೊಮ್ಮೆ ಮತ್ತೆ ಹೊರಳಿಸಬೇಕಲ್ಲ.

ಹೊಸಬರು ತಪ್ಪುವುದು ಕ್ಯಾಥೆಟರ್‌ನಿಂದ ಮೂತ್ರ ಬಂದು ಸೇರುವ ಯೂರಿನ್ ಬ್ಯಾಗಿನ ಹತ್ತಿರ. ಹೊರಳಿಸುವಾಗ ಅಡ್ಡ ಬರುತ್ತದೆಂದು ಅದನ್ನು ಎತ್ತಿ ಹಾಸಿಗೆಯ ಮೇಲೆ ರೋಗಿಯ ಪಕ್ಕಕ್ಕೇ ಇಟ್ಟುಬಿಡುತ್ತಾರೆ. ಬ್ಯಾಗ್ ಮೂತ್ರಕೋಶಕ್ಕಿಂತ ಮೇಲೆ ಬಂದರೆ ಅದರಲ್ಲಿದ್ದ ಮೂತ್ರ ಹಿಂದಕ್ಕೆ ಹರಿದು ಸೋಂಕು ತಗಲುವ ಭಯ ಇದೆ. ಬ್ಯಾಗನ್ನು ಮೊದಲೇ ಖಾಲಿ ಮಾಡಿ, ಅಳತೆ ಬರೆದು, ಹೊರಳಿಸುವ ಕಡೆಯ ಮಂಚದ ಚೌಕಟ್ಟಿಗೆ ಕೆಳಗೇ ತೂಗು ಹಾಕಬೇಕು. ನೆಲಕ್ಕೂ ತಾಗಬಾರದು. ಈ ಒಂದು ಕೆಲಸವನ್ನು ಸರಿಯಾಗಿ ಮಾಡಿದವರಿಗೆ ಉಳಿದದ್ದನ್ನು ಕಲಿಸುವುದು ಕಷ್ಟವಲ್ಲ.

ಬಾಯಿಮಾತಿನ ಪರೀಕ್ಷೆಯೂ ಇರಲಿ: ಸೂಜಿ ಯಾವ ಡಬ್ಬಿಗೆ? ಬಿಳಿ ಬಣ್ಣದ, ಚುಚ್ಚಿದರೂ ತೂತಾಗದ ಡಬ್ಬಿಗೆ. ರಕ್ತ ಹತ್ತಿದ ಹತ್ತಿ, ಬಟ್ಟೆ ಹಳದಿಗೆ, ಪ್ಲಾಸ್ಟಿಕ್ ನಳಿಕೆ, ಕೈಗವಸು ಕೆಂಪಿಗೆ, ಗಾಜು ನೀಲಿಗೆ.

ಕೆಲಸ ಹುಡುಕುವವರಿಗೂ ನಾಲ್ಕು ಮಾತು. ಬೆಳಿಗ್ಗೆ ಡ್ಯೂಟಿ ಬದಲಾಗುವ ಹೊತ್ತಿಗೆ ಹೋಗಿ ರಿಸೆಪ್ಶನ್‌ನಲ್ಲಿ ಬಯೋಡಾಟಾ ಇಟ್ಟು ಬಂದರೆ ಅದು ಅಲ್ಲೇ ಉಳಿಯುತ್ತದೆ. ರೌಂಡ್ಸ್ ಮುಗಿದ ಮೇಲೆ ಹೋಗಿ, ನರ್ಸಿಂಗ್ ಸೂಪರಿಂಟೆಂಡೆಂಟ್ ಅಥವಾ ಮೇಟ್ರನ್ ಅವರನ್ನೇ ಕೇಳಿ. ದೊಡ್ಡ ಮೆಡಿಕಲ್ ಕಾಲೇಜು ದವಾಖಾನೆಗಳ ಬಾಗಿಲಲ್ಲೇ ಕಾಯಬೇಡಿ. ಹೆರಿಗೆ ದವಾಖಾನೆ, ಮೂಳೆ ದವಾಖಾನೆ, ಡಯಾಲಿಸಿಸ್ ಕೇಂದ್ರಗಳಲ್ಲೂ ಕೇಳಿ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ ಕಡೆಯ ರೋಗಿಗಳು ಇಲ್ಲಿಗೆ ಬರುವುದರಿಂದ ಮರಾಠಿ ಬರುತ್ತಿದ್ದರೆ ಬಯೋಡಾಟಾದ ಮೇಲ್ಭಾಗದಲ್ಲೇ ಬರೆಯಿರಿ. ಹೆಪಟೈಟಿಸ್-ಬಿ ಲಸಿಕೆ ಮೂರು ಡೋಸು: ಮೊದಲನೆಯದು, 1 ತಿಂಗಳಿಗೆ ಎರಡನೆಯದು, 6 ತಿಂಗಳಿಗೆ ಮೂರನೆಯದು. ತರಬೇತಿಗೆ ಸೇರಿದ ವಾರದಲ್ಲೇ ಶುರು ಮಾಡಿ, ಕಾರ್ಡು ಜೊತೆಗಿರಲಿ.

ಮೂಲ ಅಂಕಪಟ್ಟಿಯನ್ನು ಯಾರ ಕೈಯಲ್ಲೂ ಬಿಡಬೇಡಿ. ತೋರಿಸಿ, ಜೆರಾಕ್ಸ್ ಕೊಡಿ. ಕೆಲಸ ಕೊಡಿಸುತ್ತೇವೆಂದು ಡಿಪಾಸಿಟ್ ಕೇಳುವ ಏಜೆನ್ಸಿಗೆ ಒಂದು ರೂಪಾಯಿಯೂ ಕೊಡಬೇಡಿ. ಸಂಬಳದಿಂದ ಇಎಸ್ಐ (ನೌಕರರ ಆರೋಗ್ಯ ವಿಮೆ) ಹಣ ಕಡಿದರೆ ಅದು 0.75 ಶೇಕಡಾ ಮಾತ್ರ. ಇಎಸ್ಐ ನಂಬರ್ ಕೇಳಿ ಪಡೆಯಿರಿ. ನೈಟ್ ಡ್ಯೂಟಿ ಒಪ್ಪುವ ಮೊದಲು ಇಂಡಿ, ಸಿಂದಗಿ, ಬಾಗೇವಾಡಿ ಕಡೆಯವರು ಬಸ್ಸಿನ ಹೊತ್ತು ನೋಡಿಕೊಳ್ಳಿ. ಎರಡನೇ ವಾರಕ್ಕೇ ಕೆಲಸ ಬಿಡುವವರಲ್ಲಿ ಬಹಳ ಮಂದಿಗೆ ತೊಡಕಾಗುವುದು ಈ ಓಡಾಟವೇ.

ಇನ್ನೊಂದು ಮಾತು, ಇದನ್ನು ದವಾಖಾನೆಯವರೂ ಕೇಳಬೇಕು. ಜಿಡಿಎ ಎಂದರೆ ಕಡಿಮೆ ಸಂಬಳದ ನರ್ಸ್ ಅಲ್ಲ. ನರ್ಸ್‌ಗಳು ಎಎನ್ಎಂ ಕೋರ್ಸು 2 ವರ್ಷ ಇಲ್ಲವೆ ಜಿಎನ್ಎಂ ಕೋರ್ಸು 3 ವರ್ಷ ಓದಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸುತ್ತಾರೆ. ಜಿಡಿಎಗಳಿಗೆ ಆ ನೋಂದಣಿ ಇಲ್ಲ. ರಾತ್ರಿ ಸಿಸ್ಟರ್ ಒಬ್ಬರೇ ಇದ್ದಾರೆಂದು ಇವರ ಕೈಗೆ ಸಿರಿಂಜ್ ಕೊಟ್ಟು 'ಐವಿ ಹಾಕು', ಅಂದರೆ ರಕ್ತನಾಳಕ್ಕೆ ಸೂಜಿ ಹಾಕು ಎನ್ನುವುದು ರೋಗಿಗೂ ಅಪಾಯ, ಆ ಹುಡುಗಿಗೂ ಅಪಾಯ. 'ನನಗೆ ಇದರ ಅಧಿಕಾರ ಇಲ್ಲ ಸಿಸ್ಟರ್, ಬೇರೆ ಏನು ಮಾಡಲಿ ಹೇಳ್ರಿ' ಎಂದು ಮೊದಲ ದಿನವೇ ಹೇಳುವುದನ್ನು ತರಬೇತಿಯಲ್ಲಿ ಕಲಿಸಬೇಕು. ಹಾಗೆ ಹೇಳಿದವರನ್ನು ಸೊಕ್ಕಿನವರೆಂದು ಕೆಲಸದಿಂದ ತೆಗೆಯಬಾರದು. ಇತ್ತ ಇವರನ್ನು ಬರೀ ನೆಲ ಒರೆಸಲು ಹಚ್ಚುವುದೂ ನಿಲ್ಲಲಿ.

ಆದ್ದರಿಂದ ದವಾಖಾನೆಗಳು ನೇಮಕಾತಿ ಪತ್ರದ ಜೊತೆಗೆ ಏನು ಮಾಡಬೇಕು, ಏನು ಮಾಡಬಾರದು ಎಂಬ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಕೊಡಲಿ. ಹೊಸಬರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುವ ದಾರಿಯೂ ಇದೆ. ಪುಕ್ಕಟೆ 'ಟ್ರಯಲ್' ಎಂದು ತಿಂಗಳುಗಟ್ಟಲೆ ದುಡಿಸಿಕೊಳ್ಳುವ ಬದಲು ಅದನ್ನಾದರೂ ಬಳಸಲಿ. ತರಬೇತಿ ಕೇಂದ್ರಗಳು ಪ್ರಮಾಣಪತ್ರದ ಜೊತೆ ಒಂದು ಲಾಗ್‌ಬುಕ್ ಕೊಡಲಿ. ಎಷ್ಟು ರೋಗಿಗಳ ಮಗ್ಗಲು ಬದಲಿಸಿದರು, ಎಷ್ಟು ಸಲ ಸ್ಪಂಜ್ ಬಾತ್ ಮಾಡಿಸಿದರು, ಎಷ್ಟು ಬಿಪಿ ನೋಡಿದರು ಎಂಬುದು ತಾರೀಖಿನ ಸಮೇತ, ವಾರ್ಡ್ ಸಿಸ್ಟರ್ ಸಹಿಯೊಂದಿಗೆ ಅದರಲ್ಲಿರಲಿ. ಈಗ ನಡೆಯುತ್ತಿರುವ ಬ್ಯಾಚಿನಿಂದಲೇ ಇದು ಶುರುವಾಗಲಿ ಎಂದು ಜಿಲ್ಲಾ ಕೌಶಲ್ಯಾಭಿವೃದ್ಧಿ ಅಧಿಕಾರಿಗಳನ್ನು ನಿಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇವೆ.

— ನರ್ಸಿಂಗ್ ತರಬೇತುದಾರರು, ವಿಜಯಪುರ