ಪೈಲಟ್ ಕಂಡದ್ದನ್ನು ತಮಾಷೆ ಮಾಡಬೇಡಿ

ಸಂಪಾದಕರಿಗೆ,

ಪೈಲಟ್ ಒಬ್ಬರು ಆಕಾಶದಲ್ಲಿ ಏನೋ ಕಂಡೆ ಅಂದರೆ ಸಾಕು, ಸುದ್ದಿಯ ಪಕ್ಕದಲ್ಲೇ ದೊಡ್ಡ ಕಣ್ಣಿನ ಹಸಿರು ಜೀವಿಯ ಚಿತ್ರ ಬಂದುಬಿಡುತ್ತದೆ. ದಯವಿಟ್ಟು ಅದನ್ನು ನಿಲ್ಲಿಸಿ. ಓದುವವರಿಗೆ ಅದು ಎರಡು ನಿಮಿಷದ ನಗು, ಹೇಳಿದವರಿಗೆ ನೌಕರಿಯ ಪ್ರಶ್ನೆ.

1986ರ ನವೆಂಬರ್‌ನಲ್ಲಿ ಅಲಾಸ್ಕಾದ ಮೇಲೆ ಹಾರುತ್ತಿದ್ದ ಜಪಾನ್ ಏರ್‌ಲೈನ್ಸ್ ಸರಕು ವಿಮಾನದ ಕ್ಯಾಪ್ಟನ್ ಕೆಂಜು ತೆರೌಚಿ, ಬೆಳಕುಗಳು ತಮ್ಮ ಜೊತೆಯಲ್ಲೇ ಬರುತ್ತಿವೆ ಎಂದು ಅಲ್ಲಿನ ಆಂಕರೇಜ್ ನಗರದ ವಿಮಾನ ಸಂಚಾರ ಕಂಟ್ರೋಲರ್‌ಗೆ ತಿಳಿಸಿದರು. ತಮ್ಮ ಬೋಯಿಂಗ್ 747 ಅನ್ನು ಕೆಳಗಿಳಿಸಿದರು, ಒಂದು ಸುತ್ತು ತಿರುಗಿಸಿಯೂ ನೋಡಿದರು. ಹತ್ತಿರದಲ್ಲಿದ್ದ ಯುನೈಟೆಡ್ ಏರ್‌ಲೈನ್ಸ್ ವಿಮಾನದವರಿಗೆ ಗಮನಿಸಲು ಕಂಟ್ರೋಲರ್ ಹೇಳಿದರೆ, ಅವರಿಗೆ ಕಂಡದ್ದು ಜಪಾನಿನ ವಿಮಾನ ಮಾತ್ರ. ಪತ್ರಕರ್ತರ ಜೊತೆ ಮಾತಾಡಿದ ಮೇಲೆ ಕ್ಯಾಪ್ಟನ್‌ರನ್ನು ಕೆಲಕಾಲ ಕಚೇರಿ ಕೆಲಸಕ್ಕೆ ಹಾಕಿದರು ಎಂದು ಆಮೇಲೆ ವರದಿಯಾಯಿತು. ಇದನ್ನು ಕೇಳಿದ ಮೇಲೆ ಇನ್ನೊಬ್ಬ ಪೈಲಟ್ ಬಾಯಿ ಬಿಡ್ತಾರಾ?

ಹಾಗಂತ ಪೈಲಟ್ ಕಣ್ಣು ತಪ್ಪೇ ಮಾಡಲ್ಲ ಅಂತ ನಾನು ಹೇಳುತ್ತಿಲ್ಲ. 2011ರ ಜನವರಿಯಲ್ಲಿ ಟೊರಾಂಟೊದಿಂದ ಜ್ಯೂರಿಕ್‌ಗೆ ಹೊರಟಿದ್ದ ಏರ್ ಕೆನಡಾ ವಿಮಾನದ ಸಹಪೈಲಟ್, ಆಗಷ್ಟೇ ನಿದ್ದೆಯಿಂದ ಎದ್ದವರು, ಮೊದಲು ಶುಕ್ರಗ್ರಹವನ್ನು ಎದುರಿಗೆ ಬರುತ್ತಿರುವ ವಿಮಾನ ಅಂದುಕೊಂಡರು. ನಿಜವಾದ ವಿಮಾನವೂ ಆ ಕಡೆಯಿಂದ ಬರುತ್ತಿತ್ತು, ಆದರೆ ಸಾವಿರ ಅಡಿ ಕೆಳಗೆ. ಅದು ಕಂಡಾಗ ಮೇಲಿಂದ ತಮ್ಮತ್ತಲೇ ಇಳಿಯುತ್ತಿದೆ ಅಂದುಕೊಂಡು ಇವರು ಗಾಬರಿಯಲ್ಲಿ ತಮ್ಮ ವಿಮಾನದ ಮೂಗನ್ನು ಕೆಳಕ್ಕೆ ದಬ್ಬಿಬಿಟ್ಟರು. ಬೆಲ್ಟ್ ಹಾಕಿರದವರು ಸೀಟಿನಿಂದ ಹಾರಿಬಿದ್ದರು, 16 ಜನರಿಗೆ ಗಾಯ. ಕಣ್ಣಿನ ತಪ್ಪಿನಿಂದ ಇಷ್ಟಾಯಿತು, ಅಲ್ವಾ? ಈಚೆಗೆ ಪೈಲಟ್‌ಗಳು ಹೇಳುವ ಎಷ್ಟೋ ಬೆಳಕುಗಳು ಸ್ಟಾರ್‌ಲಿಂಕ್ ಉಪಗ್ರಹಗಳವು: ನೆಲದಲ್ಲಿ ಕತ್ತಲಾಗಿದ್ದರೂ ಅಷ್ಟು ಎತ್ತರದಲ್ಲಿ ಬಿಸಿಲು ಬೀಳುತ್ತಿರುತ್ತದೆ, ಒಂದೊಂದೇ ಉಪಗ್ರಹ ಫಳ್ಳನೆ ಹೊಳೆದು ಆರುತ್ತದೆ, ಕಾಕ್‌ಪಿಟ್‌ನಿಂದ ನೋಡಿದರೆ ಬೆಳಕೇ ಅಲ್ಲಿ ಸುತ್ತು ಹಾಕುತ್ತಿರುವಂತೆ ಕಾಣುತ್ತದೆ. ಇದು ಪತ್ತೆಯಾದದ್ದು ಕಂಡವರು ಹೇಳಿದ್ದರಿಂದಲೇ.

ಅಮೆರಿಕದ ನೌಕಾಪಡೆಯ ಮಾಜಿ ಪೈಲಟ್ ರಯಾನ್ ಗ್ರೇವ್ಸ್ 2023ರ ಜುಲೈನಲ್ಲಿ ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಹೇಳಿದ್ದೂ ಇದನ್ನೇ. ಕಂಡವರು ಜಾಸ್ತಿ, ವರದಿ ಮಾಡುವವರು ಕಡಿಮೆ, ಕಾರಣ ನಗೆಪಾಟಲಾಗುವ ಭಯ. ಅದೇ ವರ್ಷ ನಾಸಾದ ತಜ್ಞರ ತಂಡ ಒಂದು ಒಳ್ಳೆಯ ದಾರಿ ತೋರಿಸಿತು. ಪೈಲಟ್‌ಗಳ ಹೆಸರು ಹೊರಗೆ ಬಿಡದೆ ಸುರಕ್ಷತೆಯ ದೂರು ತೆಗೆದುಕೊಳ್ಳುವ ವ್ಯವಸ್ಥೆಯೊಂದನ್ನು ನಾಸಾ 1976ರಿಂದಲೇ ನಡೆಸುತ್ತಿದೆ, ಆಕಾಶದಲ್ಲಿ ಕಂಡ ಇಂಥವನ್ನೂ ಅದರಲ್ಲೇ ಸೇರಿಸಿ ಎಂದಿತು. ಡ್ರೋನೋ, ಬಲೂನೋ, ಉಪಗ್ರಹವೋ, ಯಾವುದೇ ಆಗಿರಲಿ, ವಿಮಾನದ ದಾರಿಯಲ್ಲಿ ಇದ್ದರೆ ಅದು ಸುರಕ್ಷತೆಯ ವಿಷಯವೇ.

ಮುಂದಿನ ಸಲ ಇಂಥ ಸುದ್ದಿ ಬಂದಾಗ ಹಸಿರು ಜೀವಿಯ ಜಾಗದಲ್ಲಿ ಇಷ್ಟನ್ನು ಹಾಕಿ: ಎಷ್ಟು ಗಂಟೆಗೆ, ಎಷ್ಟು ಎತ್ತರದಲ್ಲಿ, ಯಾವ ದಿಕ್ಕಿಗೆ ಕಂಡಿತು, ರೇಡಾರ್‌ನಲ್ಲಿ ಗುರುತು ಇತ್ತೋ ಇಲ್ಲವೋ, ಬೇರೆ ವಿಮಾನದವರೂ ನೋಡಿದರೋ. ಆ ವಿವರ ಸಿಗದಿದ್ದರೆ ಸುದ್ದಿಯನ್ನು ಒಂದು ದಿನ ತಡೆದರೂ ನಷ್ಟವಿಲ್ಲ.

ಇಂತಿ,
ನಿಮ್ಮ ಓದುಗ