ಗೆಳೆಯನಿಗೊಂದು ಪತ್ರ: ರಜೇಲಿ ಐದು ಸಿನಿಮಾ, ಅದರಲ್ಲಿ ಒಂದು ಎರಡು ಸಲ

ಲೋ ಮಗಾ,

ಹೆಂಗಿದ್ದೀಯ? ಫೋನ್ ಮಾಡಿದ್ರೆ ಎತ್ತಲ್ಲ, ಮೆಸೇಜ್ ಹಾಕಿದ್ರೆ ಒಂದು ಹೆಬ್ಬೆಟ್ಟು ಒತ್ತಿ ಸುಮ್ನಾಗ್ತೀಯ, ಅದಕ್ಕೇ ಈ ಸಲ ಉದ್ದಕ್ಕೆ ಬರೆದು ಎಲ್ಲರ ಮುಂದೇನೇ ಹಾಕ್ತಾ ಇದೀನಿ, ಓದ್ದೇ ಇದ್ರೆ ಮಾನ ಹೋಗೋದು ನಿಂದೇ.

ವಿಷಯ ಏನಂದ್ರೆ ವರ್ಷದ ಕೊನೇ ರಜೆ ಹತ್ತು ದಿನ ಸಿಕ್ತಲ್ಲ, ಅಷ್ಟರಲ್ಲಿ ಆರು ಸಲ ಥಿಯೇಟರ್‌ಗೆ ಹೋಗಿಬಂದೆ. ಉಳಿದ ಇಡೀ ವರ್ಷ ಸೇರಿಸಿದ್ರೂ ಎರಡೇ ಸಲ ಹೋಗಿದ್ದೆ ಕಣೋ. "ಬಿಡೋ, ಓಟಿಟಿಗೆ ಬರುತ್ತೆ" ಅಂತ ನೀನು ಹೇಳ್ತಿದ್ಯಲ್ಲ, ಅದನ್ನೇ ನಾನೂ ಹೇಳ್ಕೊಂಡು ಕೂತಿದ್ದೆ, ಆಮೇಲೆ ಅದು ಬಂದಾಗ ವಾಚ್‌ಲಿಸ್ಟಿಗೆ ಸೇರಿಸೋದು, ಆ ಲಿಸ್ಟ್ ಮತ್ತೆ ತೆಗೆದೂ ನೋಡಲ್ಲ, ಅಪ್ಪಿತಪ್ಪಿ ನೋಡಿದ್ರೂ ಒಂದೂವರೆ ಸ್ಪೀಡಲ್ಲಿ, ಕೈಯಲ್ಲಿ ಫೋನ್ ಹಿಡ್ಕೊಂಡು. ಅದಕ್ಕೆ ಸಿನಿಮಾ ನೋಡೋದು ಅಂತಾರಾ?

ಮೊದಲನೇದು ದೊಡ್ಡ ಆಕ್ಷನ್ ಸಿನಿಮಾ, ಮೂರನೇ ಭಾಗ. ಎರಡನೇದು ನಾನು ನೋಡೇ ಇರ್ಲಿಲ್ಲ, ಹಂಗಾಗಿ ಯಾರು ಯಾಕೆ ಸತ್ರು, ಸತ್ತವನು ಯಾಕೆ ಎದ್ದುಬಂದ ಅಂತ ಗೊತ್ತಾಗೋ ಹೊತ್ತಿಗೆ ಹೆಸರು ಹತ್ತೋಕೆ ಶುರುವಾಗಿತ್ತು, ಅದಾದ್ಮೇಲೂ ಒಂದು ತುಣುಕು ಇರುತ್ತೆ ಅಂತ ಜನ ಎದ್ದು ನಿಂತ್ಕೊಂಡೇ ಕಾಯ್ತಿದ್ರು, ಬಂದಿದ್ದು ನಾಲ್ಕನೇ ಭಾಗದ ಜಾಹೀರಾತು. ಸೌಂಡ್ ಮಾತ್ರ ಅದ್ಭುತ. ಎದೆ ಒಳಗೇ ಡ್ರಮ್ ಬಾರಿಸ್ದಂಗೆ. ಪರದೆ ತುಂಬಾ ಸಣ್ಣ ಸಣ್ಣ ತೂತು ಇರುತ್ತೆ ಗೊತ್ತಾ, ಹಿಂದುಗಡೆ ಸ್ಪೀಕರ್ ಇಟ್ಟಿರ್ತಾರೆ, ಅದಕ್ಕೇ ಮಾತು ಸೀದಾ ಅವನ ಬಾಯಿಂದಾನೇ ಬಂದಂಗೆ ಇರೋದು. ಸೀಟು ಹಿಡಿಯೋದು ಮುಂದಿಂದ ಮೂರನೇ ಎರಡು ಭಾಗದಷ್ಟು ಹಿಂದೆ, ನಡುವಲ್ಲಿ. ಸೌಂಡ್ ಮಿಕ್ಸ್ ಮಾಡೋರೂ ಹೆಚ್ಚುಕಮ್ಮಿ ಅಲ್ಲೇ ಕೂತು ಮಾಡ್ತಾರೆ.

ಅಕ್ಕನ ಮಗಳನ್ನ ಕರ್ಕೊಂಡು ಒಂದು ಅನಿಮೇಷನ್‌ಗೂ ಹೋದೆ, 3ಡಿ. ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ಕಳಿಸ್ಬೇಕಲ್ಲ, ಹಂಗಾಗಿ ಆ ಕನ್ನಡಕ ಬೆಳಕೆಲ್ಲ ತಿಂದುಬಿಡುತ್ತೆ, ಹಾಡಹಗಲಿನ ಸೀನೂ ಮುಸ್ಸಂಜೆ ಥರ ಕಾಣ್ತಿತ್ತು. ಅವಳು ಅರ್ಧ ಗಂಟೆಗೆ ಕನ್ನಡಕ ತೆಗೆದು ನನ್ನ ತೊಡೆ ಮೇಲಿಟ್ಟು, ಎಲ್ಲ ಎರಡೆರಡಾಗಿ ಕಂಡ್ರೂ ಪರವಾಗಿಲ್ಲ ಅಂತ ಹಂಗೇ ನೋಡಿದ್ಲು. ಹಾರರ್ ಒಂದು ನೋಡಿದೆ, ಅದರ ಬಗ್ಗೆ ಬರೆಯೋಕೆ ಏನೂ ಇಲ್ಲ, ಬಾಗಿಲು ಕಿರ್ ಅನ್ನುತ್ತೆ, ಬೆಕ್ಕು ಹಾರುತ್ತೆ. ಅದೂ ಇಪ್ಪತ್ತು ನಿಮಿಷ ಲೇಟು. ಯಾಕಂತ ಕೇಳಿದ್ರೆ "ಕೀ ಬಂದಿಲ್ಲ ಸಾರ್" ಅಂದ ಅಲ್ಲಿನ ಹುಡುಗ. ಈಗ ಸಿನಿಮಾ ಫೈಲು ಬೀಗ ಹಾಕ್ಕೊಂಡು ಬರುತ್ತೆ, ಇಂಥ ದಿನದಿಂದ ಇಂಥ ದಿನದವರೆಗೆ ಇಂಥ ಮಷೀನಲ್ಲಿ ಮಾತ್ರ ಅಂತ ಡಿಜಿಟಲ್ ಕೀ ಬೇರೆ ಕಳಿಸ್ತಾರೆ, ಅದು ಬರ್ದಿದ್ರೆ ಷೋ ಇಲ್ಲ. ಆಗ ರೀಲ್ ಬಂದಿಲ್ಲ ಅಂತಿದ್ರು, ಈಗ ಕೀ. ಶಿಳ್ಳೆ ಹಾಕೋರು ಮಾತ್ರ ಅವರೇ.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಆ ಕಾಮಿಡಿ ಸಿನಿಮಾ ಇದ್ಯಲ್ಲ, ಎಲ್ಲರೂ ಹೊಗಳ್ತಿದಾರೆ ಅಂತ ಬೆಳಗ್ಗೆ ಷೋಗೆ ಹೋದೆ, ಹಾಲಲ್ಲಿ ನನ್ನೂ ಸೇರಿಸಿ ಏಳು ಜನ, ಏಳು ಜನಾನೂ ಒಬ್ಬರಿಗೊಬ್ಬರು ಸಂಬಂಧ ಇಲ್ಲದಂಗೆ ಮೂಲೆಮೂಲೇಲಿ. ಹುಷಾರಿಲ್ಲ ಅಂತ ಸುಳ್ಳು ಹೇಳಿ ರಜೆ ಹಾಕಿದವನು ಲಿಫ್ಟಲ್ಲಿ ಬಾಸ್ ಜೊತೆ ಸಿಕ್ಕಾಕೊಳ್ಳೋ ಸೀನ್ ಬಂತು, ಅವನು ಕೆಮ್ಮಿದ, ಆಮೇಲೆ ಕ್ಯಾಮೆರಾ ಸುಮ್ನೆ ಬಾಸ್ ಮುಖದ ಮೇಲೇ ನಿಂತುಬಿಡ್ತು. ಒಂದು ಸೆಕೆಂಡ್, ಎರಡು, ಮೂರು, ನಾಲ್ಕು. ಯಾರೂ ನಗ್ಲಿಲ್ಲ. ಏನಪ್ಪಾ ಎಡಿಟರ್ ನಿದ್ದೆ ಮಾಡ್ಬಿಟ್ನಾ ಅನ್ಕೊಂಡೆ. ಮನೆಗೆ ಬಂದು ಅಕ್ಕನಿಗೆ "ದಂಡ, ಹೋಗ್ಬೇಡ" ಅಂದೆ. ಅವಳು ಕೇಳ್ತಾಳಾ, ಭಾನುವಾರ ಸಂಜೆಗೆ ಟಿಕೆಟ್ ಮಾಡಿಸಿ ನನ್ನೂ ಎಳ್ಕೊಂಡು ಹೋದ್ಲು.

ಭಾನುವಾರ ಹೌಸ್‌ಫುಲ್. ಅದೇ ಲಿಫ್ಟು, ಅದೇ ಕೆಮ್ಮು, ಇಡೀ ಹಾಲ್ ಬಿದ್ದು ಬಿದ್ದು ನಗ್ತಾ ಇದೆ, ಆ ನಗು ಇನ್ನೇನು ನಿಲ್ಲುತ್ತೆ ಅನ್ನೋವಾಗ ಸರಿಯಾಗಿ ಬಾಸ್ ಬಾಯಿ ತೆಗೀತಾನೆ, ಒಂದಕ್ಷರಾನೂ ಮಿಸ್ ಆಗಲ್ಲ. ಆಗ ಹೊಳೀತು ನೋಡು, ಆ ನಾಲ್ಕು ಸೆಕೆಂಡು ನಮಗೆ ಅಂತಾನೇ ಖಾಲಿ ಬಿಟ್ಟಿದ್ದ ಜಾಗ. 1930ರ ದಶಕದಲ್ಲಿ ಮಾರ್ಕ್ಸ್ ಬ್ರದರ್ಸ್ ಅಂತ ಅಮೆರಿಕದ ಕಾಮಿಡಿ ನಟರು ಇದ್ರಲ್ಲ, ಅವರು ಶೂಟಿಂಗ್‌ಗೂ ಮುಂಚೆ ಸೀನುಗಳನ್ನ ನಾಟಕದ ಥರ ಊರೂರಲ್ಲಿ ಆಡಿ, ಜನ ಯಾವ ಮಾತಿಗೆ ಎಷ್ಟು ಹೊತ್ತು ನಗ್ತಾರೆ ಅಂತ ಲೆಕ್ಕ ಹಾಕ್ಕೊಂಡು ಆಮೇಲೆ ಸಿನಿಮಾ ತೆಗೆದಿದ್ರು. ನಾನು ಎಡಿಟರ್‌ನ ಸುಮ್ನೆ ಬೈದೆ.

ಆವತ್ತು ತಾರೀಖು 28 ಬೇರೆ. 1895ರ ಡಿಸೆಂಬರ್ 28ನೇ ತಾರೀಖೇ ಲೂಮಿಯೇರ್ ಸಹೋದರರು ಪ್ಯಾರಿಸ್ಸಿನ ಒಂದು ಕೆಫೆ ನೆಲಮಾಳಿಗೇಲಿ ಟಿಕೆಟ್ ಇಟ್ಟು ಸಿನಿಮಾ ತೋರಿಸಿದ್ದು. ಹತ್ತು ಚಿತ್ರ, ಒಂದೊಂದು ಒಂದು ನಿಮಿಷಾನೂ ಇಲ್ಲ, ಅದರಲ್ಲೂ ಒಂದು ಕಾಮಿಡಿ: ತೋಟಕ್ಕೆ ನೀರು ಬಿಡ್ತಿರೋನ ಪೈಪನ್ನ ಹುಡುಗ ತುಳೀತಾನೆ, ಇವನು ಯಾಕೆ ನೀರು ಬರ್ತಿಲ್ಲ ಅಂತ ಬಗ್ಗಿ ನೋಡಿದ ತಕ್ಷಣ ಅವನು ಕಾಲು ತೆಗೀತಾನೆ, ಮುಖಕ್ಕೆ ಚಿಮ್ಮುತ್ತೆ. ಅದಕ್ಕೂ ಮುಂಚೆ ಎಡಿಸನ್ ಕಂಪನಿಯವರ ಪೆಟ್ಟಿಗೆ ಇತ್ತು, ಒಂದು ಸಲಕ್ಕೆ ಒಬ್ಬರೇ ಬಗ್ಗಿ ಕಿಂಡಿಗೆ ಕಣ್ಣಿಟ್ಟು ನೋಡ್ಬೇಕು. ನೀನು ಫೋನ್ ಎದೆ ಮೇಲಿಟ್ಕೊಂಡು ಮಲಗಿ ನೋಡ್ತೀಯಲ್ಲ, ಹತ್ತಿರತ್ತಿರ ಅದೇ.

ಇನ್ನೊಂದು ಸಿನಿಮಾ ಬಾಕಿ ಇದೆ, ಅಪ್ಪ ಮಗಳ ಕಥೆ, ಮಾತು ಕಮ್ಮಿ. ಆಸ್ಪತ್ರೆ ಕಾರಿಡಾರಲ್ಲಿ ಇಬ್ಬರೂ ಸುಮ್ನೆ ಕೂತಿರೋ ಒಂದು ಸೀನ್, ಮ್ಯೂಸಿಕ್ಕೂ ಇಲ್ಲ. ಮುಂದಿನ ಸಾಲಲ್ಲಿ ಒಬ್ಬ ಶುರುವಿಂದ ಫೋನ್ ಬೆಳಕು ಕಣ್ಣಿಗೆ ಬಿಡ್ತಾನೇ ಇದ್ದ, ಏನಾದ್ರೂ ಹೇಳೋಣ ಅಂತ ನಾನು ಮುಂದೆ ಬಗ್ಗಿದೀನಿ, ಅಷ್ಟರಲ್ಲಿ ಅವನೇ ಫೋನ್ ಮಗುಚಿಟ್ಟ. ಹಾಲ್ ತುಂಬಾ ಜನ ಇದ್ದು ಏಸಿ ಸದ್ದು ಮಾತ್ರ ಕೇಳ್ತಿತ್ತು. ಬಗ್ಗಿದವನು ಹಂಗೇ ಬಗ್ಗಿ ಕೂತಿದ್ದೆ, ಹಿಂದಕ್ಕೆ ಒರಗಿದ್ರೆ ಸೀಟು ಕಿರ್ ಅನ್ನುತ್ತೆ ಅಂತ.

ಸರಿ, ಕಾಮಿಡಿ ಇನ್ನೂ ಓಡ್ತಾ ಇದೆ, ದಿನಕ್ಕೆ ಒಂದೇ ಷೋ ಉಳಿದಿರೋದು. ಮೂರನೇ ಸಲ ನೋಡೋಕೆ ನಾನು ರೆಡಿ, ಆದ್ರೆ ನಿನ್ನ ಪಕ್ಕ. ಎಲ್ಲರೂ ನಕ್ಕು ಮುಗಿಸಿದ ಮೇಲೆ ನೀನೊಬ್ಬ ಲೇಟಾಗಿ ನಗ್ತೀಯಲ್ಲ, ಅದನ್ನ ಕೇಳಿ ಮತ್ತೆ ಎಲ್ಲರೂ ನಗ್ತಾರಲ್ಲ, ಆ ಬಾಸ್ ಡೈಲಾಗ್ ಕೇಳಿಸದೇ ಹೋದ್ರೂ ಪರವಾಗಿಲ್ಲ ಕಣೋ, ನನಗೆ ಬಾಯಿಪಾಠ ಆಗಿದೆ. ಶನಿವಾರ ಸಂಜೆ. ಬರ್ತೀಯ ಅಂದ್ರೆ ಈಗಲೇ ಹೇಳು, ನಡುವಿನ ಸೀಟು ಹೋಗ್ಬಿಡುತ್ತೆ. ಹೆಬ್ಬೆಟ್ಟು ಒತ್ತಿದ್ರೆ ಅದನ್ನ ಉತ್ತರ ಅಂತ ತಗೊಳ್ಳಲ್ಲ.

ಇಂತಿ,
ಮೂರನೇ ಭಾಗ ಮೊದಲು ನೋಡಿದವನು